ನೀರು ಕುಡಿದ ಚೆಂಡು

ಮೊನ್ನೆ ಘಾಟ್ಕೋಪರ್ ಸ್ಟೇಷನ್ನಿನ ಸೇತುವೆ ಇಳಿಯುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಕೈಯಲ್ಲಿ ಛತ್ರಿ ಇತ್ತು, ಆದರೆ ಮುಂಬಯಿ ಮಳೆಯಲ್ಲಿ ಛತ್ರಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಮುಲುಂಡಿನ ಮನೆಗೆ ಬಂದು ನೋಡಿದರೆ ನನ್ನ ಚರ್ಮದ ಕೈಚೀಲ ತೊಯ್ದು ತೊಪ್ಪೆಯಾಗಿತ್ತು. ಒಳಗಿನದನ್ನೆಲ್ಲ ತೆಗೆದು, ಫ್ಯಾನಿನ ಕೆಳಗೆ ಕುರ್ಚಿಯ ಬೆನ್ನಿಗೆ ಅದನ್ನು ತೂಗುಹಾಕಿ ಚಹಾ ಮಾಡಲು ಹೋದೆ. ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು. ತಿರುಗಿ ಬಂದಾಗ ಪಡಸಾಲೆಯ ತುಂಬ ಆ ವಾಸನೆ… ಒದ್ದೆ ಚರ್ಮದ್ದು. ಸ್ವಲ್ಪ ಹಸಿ, ಸ್ವಲ್ಪ ಹುಳಿ, ಎಲ್ಲೋ ತಳದಲ್ಲಿ ಮಣ್ಣು. ಚಹಾದ ಕಪ್ಪು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅದು ಭಾವಜಿಯ ಚೆಂಡಿನ ವಾಸನೆ.

ಭಾವಜಿ ಅಂದರೆ ಅಕ್ಕನ ಗಂಡ. ನಾವು ಧಾರವಾಡದ ಕಡೆಯವರು, ಅವರು ಬೆಳಗಾವಿಯವರು. ಮುಂಬಯಿಯಲ್ಲಿ ನಾವಿದ್ದ ಚಾಳಿನ, ಅಂದರೆ ವಠಾರದ, ಮರಾಠಿ ನೆರೆಹೊರೆಯಿಂದ ಬಂದ ಆ ಕರೆಯೇ ಕೊನೆಯವರೆಗೂ ಉಳಿಯಿತು. ಒಂದು ದೊಡ್ಡ ಕಂಪನಿ ತನ್ನ ಫುಟ್‌ಬಾಲ್ ತಂಡಕ್ಕೆಂದೇ ಅವರನ್ನು ಮುಂಬಯಿಗೆ ಕರೆಸಿಕೊಂಡಿತ್ತು. ಆಗೆಲ್ಲ ಹಾಗೇ ನಡೆಯುತ್ತಿತ್ತು. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಆಫೀಸಿನ ಕುರ್ಚಿ. ಭಾವಜಿ ಸೆಂಟರ್ ಫಾರ್ವರ್ಡ್. ಗೋಲು ಹೊಡೆಯುವುದೇ ಅವರ ನೌಕರಿ. ಹೊಡೆದರೆ ನೌಕರಿ ಕಾಯಂ, ಇಲ್ಲದಿದ್ದರೆ ಬೆಳಗಾವಿಯ ಬಸ್ಸು. "ಚಂಡು ಒದ್ದು ಸಂಸಾರ ಮಾಡ್ತಾನಂತ" ಎಂದು ಅಪ್ಪ ನಕ್ಕಿದ್ದರು. ಆದರೂ ಹೆಣ್ಣು ಕೊಟ್ಟರು. ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ನಾವು ಮೊದಲ ಮಾಳಿಗೆಯಲ್ಲಿದ್ದೆವು, ಹೊಸ ದಂಪತಿಗಳು ನಮ್ಮ ಕೆಳಗಿನ ಒಂಟಿಕೋಣೆಯ ಖೋಲಿ ಹಿಡಿದರು.

ನಿಜ ಹೇಳಬೇಕೆಂದರೆ ಭಾವಜಿ ಒದ್ದದ್ದು ಕಡಿಮೆ. ಕಾಲಿನಲ್ಲಿ ಅಂಥ ಚಳಕವೇನೂ ಇರಲಿಲ್ಲ, ಓಟವೂ ಸಾಧಾರಣ. ಎತ್ತರವೂ ಅಷ್ಟಕ್ಕಷ್ಟೆ. ಅವರ ಆಟವೆಲ್ಲ ತಲೆಯಲ್ಲಿತ್ತು. ಎದುರು ತಂಡದ ಬ್ಯಾಕ್ ಆಟಗಾರನ ಬೆನ್ನ ಹಿಂದೆ, ಅಂಗಿಯ ತುದಿಯಿಂದ ಮೂಗು ಒರೆಸಿಕೊಳ್ಳುತ್ತ, ಬಸ್ಸಿಗೆ ಕಾಯುವವರ ಹಾಗೆ ನಿಂತಿರುತ್ತಿದ್ದರು. ಇವನೇನು ಆಡುತ್ತಾನೆ ಅನ್ನಿಸಬೇಕು. ಅಂಚಿನಲ್ಲಿ ಓಡುವ ಆಟಗಾರ ಕತ್ತೆತ್ತಿ ನೋಡಿದ ಕೂಡಲೇ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಉಳಿದವರಿಗಿಂತ ಒಂದು ಕ್ಷಣ ಮೊದಲೇ ನೆಲ ಬಿಡುತ್ತಿದ್ದರು. ಉಳಿದವರು ಏರುವಾಗ ಇವರು ಆಗಲೇ ಮೇಲಿರುತ್ತಿದ್ದರು. ಚೆಂಡು ಹಣೆಗೆ ಬಡಿಯುವ ಸದ್ದು ಬೆಂಚಿನವರೆಗೂ ಕೇಳುತ್ತಿತ್ತು.

"ಕುಂಕುಮ ಇಡ್ತೀಯಲ್ಲವಾ, ಆ ಜಾಗಾಕ್ಕ ಹತ್ತಬೇಕು ಚಂಡು. ಕಣ್ಣು ಮಾತ್ರ ಮುಚ್ಚಬಾರದು" ಎಂದು ನನಗೊಮ್ಮೆ ತಮ್ಮ ಹಣೆ ತೋರಿಸಿ ಹೇಳಿದ್ದರು.

ಮುಂಬಯಿಯಲ್ಲಿ ಆಗ ಲೀಗ್ ಆಟ ನಡೆಯುತ್ತಿದ್ದದ್ದೇ ಮಳೆಗಾಲದಲ್ಲಿ. ಈಗಿನ ಚೆಂಡಿನಂತಲ್ಲ ಆಗಿನ ಚೆಂಡು. ಹೊಲಿದ ಚರ್ಮ, ನೀರು ಕುಡಿಯುತ್ತಿತ್ತು. ಆಟ ಅರ್ಧ ಮುಗಿಯುವಷ್ಟರಲ್ಲಿ ರುಬ್ಬುಗುಂಡು. ಬೇರೆಯವರೆಲ್ಲ ಆಮೇಲೆ ತಲೆ ತಪ್ಪಿಸುತ್ತಿದ್ದರು. ಭಾವಜಿಯ ಗೋಲುಗಳೆಲ್ಲ ಬರುತ್ತಿದ್ದದ್ದೇ ಆಮೇಲೆ. ಅದಕ್ಕೆಂದೇ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಬೇಸಿಗೆಯಲ್ಲೇ ಒಂದು ಹಳೆಯ ಚೆಂಡನ್ನು ಖೋಲಿಯ ಹೊರಗಿನ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡುವುದು, ಬೆಳಿಗ್ಗೆ ಆ ಭಾರದ ಚೆಂಡಿಗೇ ತಲೆ ಕೊಟ್ಟು ರೂಢಿ ಮಾಡಿಕೊಳ್ಳುವುದು. ಚಾಳಿನಲ್ಲಿ ನೀರೆಂದರೆ ಬಂಗಾರ. ಅವ್ವನಿಗೆ ತಡೆಯಲಾಗಲಿಲ್ಲ.

"ಕಡ್ಲಿ ನೆನಿ ಹಾಕೂದು ನೋಡೇನಿ, ಚಂಡು ನೆನಿ ಹಾಕೂದು ಇದ ಮೊದಲ ನೋಡವಾ" ಎಂದು ಮೇಲಿನಿಂದಲೇ ಕೂಗಿದಳು.

ಅಕ್ಕ ಮದುವೆಯಾಗಿ ಇನ್ನೂ ಹೊಸತು. ಅವಳು ನಗುತ್ತ ಡ್ರಮ್ಮಿನ ಮುಚ್ಚಳ ತೆಗೆದು ಗಂಡನಿಗೆ ಹಿಡಿದುಕೊಟ್ಟಳು. ಅವತ್ತಿನಿಂದ ಅದು ಅವಳದೇ ಕೆಲಸವಾಯಿತು. ನನ್ನದು ನಮ್ಮ ಮಾಳಿಗೆಯ ಗ್ಯಾಲರಿಯಿಂದ ಚೆಂಡು ಒಗೆಯುವ ಕೆಲಸ. ಕಾಲೇಜಿಗೆ ಹೊರಡುವ ಮೊದಲು ಗ್ಯಾಲರಿಯಲ್ಲಿ ನಿಂತು ಕೆಳಗೆ ಎಸೆಯುತ್ತಿದ್ದೆ. ಭಾವಜಿ ನೆಗೆದು ಹಣೆಯಿಂದ ಗೋಡೆಗೆ ಹೊಡೆಯುತ್ತಿದ್ದರು. ಅಕ್ಕ ಅದನ್ನೆತ್ತಿ ಮತ್ತೊಮ್ಮೆ ಡ್ರಮ್ಮಿನಲ್ಲಿ ಅದ್ದಿ, ತರಕಾರಿಯವನಿಗೆ ನಾವು ಹಗ್ಗ ಕಟ್ಟಿ ಇಳಿಬಿಡುತ್ತಿದ್ದ ಬುಟ್ಟಿಯಲ್ಲಿ ಇಡುತ್ತಿದ್ದಳು. ನಾನು ಮೇಲಕ್ಕೆಳೆದುಕೊಳ್ಳುತ್ತಿದ್ದೆ. ಕೈಯೆಲ್ಲ ಚರ್ಮದ ವಾಸನೆ. ಸಾಕೆನ್ನುವುದು ಅವರಿಗೆ ಗೊತ್ತಿರಲಿಲ್ಲ. "ಇನ್ನೊಂದು ಒಗಿಯವಾ, ಇನ್ನೊಂದು" ಅನ್ನುತ್ತಲೇ ಇರುತ್ತಿದ್ದರು.

ನೌಕರಿ ಕಾಯಮಾದದ್ದು ಒಂದು ಗೋಲಿನಿಂದ. ಅವತ್ತು ನಾನೂ ಅಕ್ಕನೂ ಮೈದಾನದಲ್ಲಿದ್ದೆವು. ಮಳೆಯೆಂದರೆ ಮಳೆ. ಆಟ ಮುಗಿಯಲು ಬಂದಿತ್ತು, ಎರಡೂ ಕಡೆ ಗೋಲಿಲ್ಲ. ಬಲಗಡೆಯಿಂದ ಚೆಂಡು ಮೇಲೆದ್ದು ಬಂತು. ಬ್ಯಾಕ್ ಆಟಗಾರ ಅದರ ಭಾರ ನೋಡಿ ಹಿಂಜರಿದ. ಭಾವಜಿ ಹಿಂಜರಿಯಲಿಲ್ಲ… ಕೆಸರಿನಲ್ಲಿ ಮಕಾಡೆ ಬಿದ್ದಿದ್ದರು, ಚೆಂಡು ಬಲೆಯಲ್ಲಿತ್ತು. ಎದ್ದಾಗ ಹಣೆಯ ಮೇಲೆ ಚೆಂಡಿನ ಹೊಲಿಗೆಯ ಗುರುತು ಮೂಡಿತ್ತು. ಅಕ್ಕ ನನ್ನ ತೋಳು ಹಿಡಿದು ಅಳುತ್ತ ನಗುತ್ತಿದ್ದಳು.

ಆಟ ಮುಗಿದ ಮೇಲೆ ಭಾವಜಿ ನೇರವಾಗಿ ಎದುರು ತಂಡದವರ ಡೇರೆಗೆ, ತಮ್ಮದೇ ಎಂಬಂತೆ, ಹೋಗಿ, ಅವರ ನಡುವೆ ಕೂತು, ಅವರದೇ ಚಹಾ ಕುಡಿದರು. ಸೋತವರಿಗೂ ನಗು ಬಂತು. ಮನೆಗೆ ಬರುವಾಗ ಲೋಕಲ್‌ನಲ್ಲಿ "ಗೋಲ್ ಆತಲ್ಲಾ?" ಎಂದು ಅಕ್ಕನನ್ನು ಕೇಳಿದರು. ಆತು ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಕುರ್ಲಾ ದಾಟಿದ ಮೇಲೆ ಮತ್ತೊಮ್ಮೆ. "ಎಷ್ಟ ಸಲ ಹೇಳಿಸ್ಕೋತೀರಿ? ಹೊಗಳಿಕಿ ಸಾಲ್ಲಿಲ್ಲೇನು?" ಎಂದು ಅಕ್ಕ ರೇಗಿಸಿದಳು. ಆ ಚಹಾದ ಕಥೆ ನಮ್ಮ ಮನೆಯ ದೊಡ್ಡ ನಗೆಯಾಯಿತು. ಹಬ್ಬಕ್ಕೆ ನೆಂಟರು ಬಂದರೆ ಹೋಳಿಗೆಯ ಜೊತೆ ಅದನ್ನೂ ಬಡಿಸುತ್ತಿದ್ದೆವು. ಭಾವಜಿಯೂ ಎಲ್ಲರ ಜೊತೆ ನಗುತ್ತಿದ್ದರು. ಆದರೆ ಆ ಗೋಲು ತಮಗೆ ನೆನಪಿದೆ ಎಂದು ಒಂದು ಸಲವೂ ಅಂದವರಲ್ಲ. ಅದು ನಮಗೆ ಯಾರಿಗೂ ಹೊಳೆಯಲೇ ಇಲ್ಲ.

ಮುಂದೆ ಮೊಣಕಾಲು ಕೈಕೊಟ್ಟಿತು. ಆಮೇಲೆ ಕಂಪನಿ ತಂಡವನ್ನೇ ಮುಚ್ಚಿತು. ಭಾವಜಿ ಕಾಂದಿವಲಿಯ ಕಾರ್ಖಾನೆಯ ಆಫೀಸಿನಲ್ಲಿ ಕೂತು ನಿವೃತ್ತಿಯವರೆಗೆ ಸದ್ದಿಲ್ಲದೆ ದುಡಿದರು. ಅಲ್ಲೇ ಒಂದು ಬಿಲ್ಡಿಂಗಿನಲ್ಲಿ ಮನೆ ಮಾಡಿದರು. ಮಕ್ಕಳಾಗಲಿಲ್ಲ. ಅದನ್ನು ಇಬ್ಬರೂ ಬಾಯಿಬಿಟ್ಟು ಆಡಿದವರಲ್ಲ; ಒಬ್ಬರಿಗೊಬ್ಬರು ಸಾಕಾಗಿದ್ದರು.

ಮರೆವು ಮೆಲ್ಲಗೆ ಬಂತು. ಮೊದಲು ಸ್ಟೇಷನ್ ತಪ್ಪಿ ಇಳಿದರು. ನಾವು ನಕ್ಕೆವು, "ಮತ್ತ ಎದುರು ಟೀಮಿನವ್ರ ಚಹಾ ಕುಡಿಯಾಕ ಹೋಗಿದ್ರೇನು?" ಎಂದು ನಾನೇ ಕೇಳಿದೆ. ಆಮೇಲೆ ನಗುವುದು ನಿಂತಿತು. ಒಂದು ಮಧ್ಯಾಹ್ನ ಊಟ ಬಡಿಸುತ್ತಿದ್ದ ಅಕ್ಕನ ಮುಖ ನೋಡಿ, ಮನೆಗೆಲಸದವರನ್ನು ಕರೆಯುವ ಹಾಗೆ, ಆದರೆ ತುಂಬ ಮರ್ಯಾದೆಯಿಂದ, "ಮೌಶಿ, ನೀವಿನ್ನ ಮನೀಗೆ ಹೋಗ್ರಿ. ನಮ್ಮಾಕಿ ಬರೂ ಹೊತ್ತಾತು" ಅಂದರು. ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ಅಳಲಿಲ್ಲ. ಅದು ಅತ್ತದ್ದಕ್ಕಿಂತ ಹೆಚ್ಚಾಗಿತ್ತು.

ಡಾಕ್ಟರರ ಹತ್ತಿರ ಅಕ್ಕನೂ ನಾನೂ ಅವರನ್ನು ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಹೆಂಗಸು. ಮೊದಲು ಏನು ಮಾಡುತ್ತಿದ್ದರು ಎಂದು ಹಿಂದಿಯಲ್ಲಿ ಕೇಳಿದಳು. ಫುಟ್‌ಬಾಲ್ ಅಂದೆ. ತಲೆಯಿಂದ ಹೆಚ್ಚು ಆಡುತ್ತಿದ್ದರೇ ಎಂದಳು. ಅಕ್ಕನ ಮುಖ ಅರಳಿತು. ಎಷ್ಟೋ ವರ್ಷಗಳ ಮೇಲೆ ಯಾರೋ ಗಂಡನ ಆಟ ಕೇಳಿದ್ದರು! "ಸರ್ ಸೇ ಹೀ ಖೇಲತೇ ಥೇ ಡಾಕ್ಟರ್! ಪೂರೇ ಬಾಂಬೆ ಮೇ ಐಸಾ ಹೆಡರ್ ಕಿಸೀಕಾ ನಹೀ ಥಾ" ಎಂದು, ತಲೆಯಿಂದಲೇ ಆಡುತ್ತಿದ್ದರು, ಇಡೀ ಬಾಂಬೆಯಲ್ಲಿ ಅಂಥ ಹೆಡರ್ ಯಾರದೂ ಇರಲಿಲ್ಲ ಎಂದು, ಹೆಮ್ಮೆಯಿಂದ ಶುರುಮಾಡಿದವಳು ಡ್ರಮ್ಮಿನ ಕಥೆ, ಬುಟ್ಟಿಯ ಕಥೆ, ಚಹಾದ ಕಥೆ ಎಲ್ಲ ಹೇಳಿದಳು. ಡಾಕ್ಟರು ನಗಲಿಲ್ಲ, ಪೆನ್ನು ಕೆಳಗಿಟ್ಟಳು. ಇದರಿಂದಲೇ ಎಂದು ಹೇಳಲಾಗದು, ಆದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಹೀಗಾಗುವುದುಂಟು ಎಂದು ಮೆತ್ತಗೆ ಹೇಳಿದಳು. ಅಕ್ಕನ ನಗು ಅರ್ಧಕ್ಕೇ ನಿಂತುಹೋಯಿತು.

ಲೋಕಲ್‌ನಲ್ಲಿ ಭಾವಜಿ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದರು. ಅಕ್ಕ ನನ್ನ ಕಡೆ ತಿರುಗದೆಯೇ ಅಂದಳು: "ಮುಚ್ಚಳಾ ನಾನ ತಗದ ಕೊಡ್ತಿದ್ನೆಲ್ಲ…"

"ನಮಗೇನ ಗೊತ್ತಿತ್ತಕ್ಕಾ" ಅಂದೆ. ನಿಜವೂ ಅಷ್ಟೇ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಆದರೆ ಎದೆಗೆ ಅದನ್ನು ತಿಳಿಹೇಳುವುದು ಹೇಗೆ?

ಅಲ್ಲಿಂದಾಚೆಗೆ ಅಕ್ಕನಿಗೆ ಉಳಿದದ್ದು ಒಂದೇ ಆಸೆ. ಹೋಗುವ ಮುಂಚೆ ಒಂದು ಸಲ, ಒಂದೇ ಸಲ, ಅವರು ತನ್ನನ್ನು ಗುರುತು ಹಿಡಿಯಬೇಕು. ಅದಕ್ಕಾಗಿ ಅವಳು ಮಾಡದ್ದಿಲ್ಲ. ಮದುವೆಯ ಸೀರೆ ಉಟ್ಟಳು, ಹಳೆಯ ಫೋಟೋ ಮುಂದೆ ಹಿಡಿದಳು. ಫೋಟೋದ ಹುಡುಗಿಯನ್ನು ಅವರು ಗುರುತಿಸುತ್ತಿದ್ದರು. ಹಿಡಿದುಕೊಂಡವಳನ್ನು ಗುರುತಿಸುತ್ತಿರಲಿಲ್ಲ.

ಈ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಆಸ್ಪತ್ರೆಗೆ ಸೇರಿಸಿದೆವು. ಕೊನೆಯ ಸಂಜೆ ಜ್ವರವಿತ್ತು. ಅಕ್ಕ ಬಟ್ಟೆ ಒದ್ದೆ ಮಾಡಿ ಅವರ ಹಣೆಯ ಮೇಲೆ ಇಟ್ಟಳು. ತಣ್ಣಗಿನದು ತಾಗಿದ ಕೂಡಲೇ ಭಾವಜಿ ಕಣ್ಣು ತೆರೆದರು. ದಿಂಬಿನಿಂದ ಕತ್ತು ಸ್ವಲ್ಪವೇ ಮೇಲೆದ್ದಿತು.

"ಇನ್ನೊಂದು ಒಗಿ" ಅಂದರು.

ನಾನು ಮಂಚದ ಕಾಲ ಹತ್ತಿರ ನಿಂತಿದ್ದೆ. ಅಕ್ಕ ಅವರ ಮೇಲೆ ಬಾಗಿ, "ಯಾರ ಒಗ್ಯಾಕತ್ತಾರ್ರೀ?" ಎಂದು ಕೇಳಿದಳು.

"ನಮ್ಮಾಕಿ ತಂಗಿ. ಮ್ಯಾಲ ಗ್ಯಾಲರ್‍ಯಾಗ ಅದಾಳಲ್ಲಾ."

ಅಕ್ಕ ಬಟ್ಟೆಯನ್ನು ಹಣೆಗೆ ಒತ್ತಿ ಹಿಡಿದಳು. "ಮತ್ತ ನಿಮ್ಮಾಕಿ ಎಲ್ಲಿ?"

ಭಾವಜಿಯ ಮುಖದಲ್ಲಿ ನಗು ಬಂತು. ಆ ನಗುವನ್ನು ನಾನು ಆ ಗೋಲಿನ ದಿನವೂ ನೋಡಿರಲಿಲ್ಲ. ಅಕ್ಕನನ್ನು ದಾಟಿ, ಅವಳ ಹೆಗಲಿನಾಚೆಗೆ ಎಲ್ಲೋ ನೋಡುತ್ತಿದ್ದರು. "ಅಲ್ಲೇ, ಡ್ರಮ್ಮಿನ ಹತ್ರ ನಿಂತಾಳ ನೋಡ್ರಿ. ನಗಾಕತ್ತಾಳ."

"ಹೌದ್ರಿ" ಎಂದಳು ಅಕ್ಕ. "ಅಲ್ಲೇ ಅದಾಳ."

ಬೆಳಗಾಗುವುದರೊಳಗೆ ಹೋದರು. ಈಗ ಅವರಿಲ್ಲದ ಮೊದಲ ಮಳೆಗಾಲ, ಅಕ್ಕ ನನ್ನ ಮನೆಯಲ್ಲಿದ್ದಾಳೆ. ಆ ಚಾಳೂ ಇಲ್ಲ, ಅದನ್ನು ಕೆಡವಿ ಟವರು ಎಬ್ಬಿಸಿದ್ದಾರೆ. ಆ ಚೆಂಡು ಎಲ್ಲಿ ಹೋಯಿತೋ, ಯಾವ ಮನೆ ಬದಲಿಸುವಾಗ ಎಸೆದೆವೋ…

ಚಹಾ ಆರಿಹೋಗಿತ್ತು. ಒಳಗಿನಿಂದ ಅಕ್ಕ ಎದ್ದು ಬಂದಳು. ಪಡಸಾಲೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ನಾನು ಗಾಬರಿಯಿಂದ ಚೀಲವನ್ನು ಬಾಲ್ಕನಿಗೆ ಒಯ್ಯಲು ಹೋದೆ. ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಕುರ್ಚಿಯಲ್ಲಿ ಕೂತು, ತೊಡೆಯ ಮೇಲಿಟ್ಟುಕೊಂಡಳು. ಅವಳ ಸೀರೆ ಒದ್ದೆಯಾಗತೊಡಗಿತು.

"ಫ್ಯಾನ್ ಆರಸವಾ" ಅಂದಳು. "ಇಷ್ಟ ಲಗೂನ ಒಣಗೂದು ಬ್ಯಾಡ."

ನಾನು ಹೋಗಿ ಫ್ಯಾನ್ ಆರಿಸಿದೆ.