ಪಾಕ್ಯಕ್ಕ ಇಲ್ಲಿಯೋರೇ ಸಾರ್

ಹಾಂ, ಅದೇ ಹೇಳ್ತಿದ್ನಲ್ಲ, ನಮ್ಮ ಪಾಕ್ಯಕ್ಕಂಗೆ ಪೌರತ್ವ ಸಿಗ್ಲಿಲ್ಲ ಅಂತ. ಅರ್ಜಿ ರಿಜೆಕ್ಟು. ಅದೂ ಯಾರೋ ಆಗದೋರು ಚಾಡಿ ಹೇಳಿ ಅಲ್ಲ, ಪ್ರೀತಿ ಜಾಸ್ತಿಯಾಗಿ. ನಗ್ಬೇಡಿ, ನಿಜ.

ಪಾಕ್ಯಕ್ಕ ಇರೋದು ಸಿದ್ದಾಪುರದಿಂದ ಪಾಲಿಬೆಟ್ಟಕ್ಕೆ ಹೋಗೋ ದಾರೀಲಿ, ಒಂದು ಎಸ್ಟೇಟಿನ ಕೂಲಿಯೋರ ಲೈನ್ ಮನೇಲಿ. ಹುಟ್ಟಿದ್ದು ಶ್ರೀಲಂಕಾದ ಟೀ ತೋಟದಲ್ಲಿ. ಅಲ್ಲಿ ಗಲಾಟೆ ಆದಾಗ ಅಪ್ಪನ ಜೊತೆ ದೋಣಿ ಹತ್ಕೊಂಡು ಬಂದ್ರು, ಆಗಿನ್ನೂ ಚಿಕ್ಕ ಹುಡ್ಗಿ. ಸ್ವಲ್ಪ ವರ್ಷ ತಮಿಳ್ನಾಡಲ್ಲಿ ಕ್ಯಾಂಪು, ಆಮೇಲೆ ಕಾಫಿ ಕೆಲಸ ಅಂತ ಇಲ್ಲಿಗೆ. ಹಾಸನ ಕಡೆಯ ದೇವರಾಜಣ್ಣನ್ನ ಮದ್ವೆ ಆಗಿ ಇಲ್ಲೇ ನಿಂತ್ಬಿಟ್ರು. ನಾನು ಅವ್ರ ಫ್ಯಾನು, ಮುಚ್ಚಿಡೋದೇನಿದೆ? ಟೀ ಚಿಗುರು ಕೀಳೋ ಥರ ಎರಡೂ ಕೈಲಿ ಕಾಫಿ ಹಣ್ಣು ಕೀಳ್ತಾರೆ. ಹಣ್ಣು ತೂಗಿ ಲೆಕ್ಕ ಬರೆಯೋ ರೈಟರ್ ತೂಕ ಕಮ್ಮಿ ಹೇಳಿದ್ರೆ ತಮಿಳಲ್ಲಿ ಶುರು ಮಾಡಿ, ಮಲಯಾಳಂ ಮೇಲೆ ಹಾದು, ಕನ್ನಡದಲ್ಲಿ ಮುಗಿಸ್ತಾರೆ ನೋಡಿ, ಆಹಾ!

ಈ ಪೌರತ್ವ ಬೇಕಿದ್ದು ಅಕ್ಕನಿಗೋಸ್ಕರ. ಅವ್ರಕ್ಕ ಪವಳಂ ಮದ್ವೆಯಾಗಿ ಲಂಕಾದಲ್ಲೇ ಉಳ್ಕೊಂಡ್ರು. ಇವ್ರು ದೋಣಿ ಹತ್ತಿದ ದಿನದಿಂದ ಒಬ್ರನ್ನೊಬ್ರು ಮುಟ್ಟಿಲ್ಲ. ವಿಡಿಯೋ ಕಾಲ್ ಇದೆ, ಆದ್ರೆ ಪವಳಂಗೆ ಕಣ್ಣು ಹೋಗ್ತಾ ಇದೆ. "ಫೋನಲ್ಲಿ ಕಾಣಲ್ಲ ಕಣೇ, ಬಾ, ಕೈಯಾಡಿಸಿ ನೋಡ್ತೀನಿ" ಅಂತಾರಂತೆ. ಪಾಸ್‌ಪೋರ್ಟ್ ಇಲ್ದೆ ಹೋಗಕ್ಕೆ ಹೆಂಗೋ ಬಿಡ್ತಾರೆ. ವಾಪಸ್ ಗಂಡ ಮಕ್ಕಳ ಹತ್ರ ಬರಕ್ಕೆ ಬಿಡ್ತಾರೋ ಇಲ್ವೋ, ಯಾರೂ ಗ್ಯಾರಂಟಿ ಕೊಡಲ್ಲ.

ಅರ್ಜಿ ಹಾಕಿದ್ಮೇಲೆ ಎನ್‌ಕ್ವೈರಿಗೆ ಒಬ್ರು ಪೊಲೀಸ್ ಬಂದ್ರು. ಪಾಕ್ಯಕ್ಕ ಪಿಕಿಂಗಿಗೆ ಹೋಗಿದ್ರು. ಲೈನಿನ ಮೊದಲ್ನೇ ಮನೆ ಚಲುವಮ್ಮಂದು, ಪಾಕ್ಯಕ್ಕನ ಎರಡು ಬಾಣಂತನಾನೂ ಮಾಡ್ದೋರು. ಲೈನಲ್ಲಿ ಒಂದು ಅಭ್ಯಾಸ ಇದೆ. ಹೊರಗಿನ ಕೂಲಿಯೋರನ್ನ ಚೆಕ್ ಮಾಡಕ್ಕೆ ಆಗಾಗ ಖಾಕಿ ಬರುತ್ತಲ್ಲ, ಯಾರ ಬಗ್ಗೆ ಕೇಳಿದ್ರೂ "ನಮ್ಮೋರೇ" ಅಂದ್ಬಿಡೋದು. ಅವತ್ತು ನಡೆದಿದ್ದನ್ನ ಪಕ್ಕದ ಮನೆ ಬೋಜಣ್ಣನೇ ನಂಗೆ ಹೇಳಿದ್ದು.

"ಪಾಕ್ಯಂ ಅನ್ನೋರು ಯಾವೂರೋರಮ್ಮ?" ಅಂದ್ರಂತೆ ಪೊಲೀಸ್.

"ಇಲ್ಲಿಯೋಳೇ ಸಾರ್! ಇದೇ ಲೈನಲ್ಲಿ ಹುಟ್ಟಿದ್ದು."

"ಶ್ರೀಲಂಕಾ ಅಂತ ಇದೆಯಲ್ಲ?"

"ಯಾವ ಪಾಪಿ ಹಂಗಂದಿದ್ದು? ಅವ್ಳು ಸಮುದ್ರಾನೇ ನೋಡಿಲ್ಲ ಸಾರ್!"

ಬೋಜಣ್ಣ ಬೇರೆ, "ಅವ್ಳ ನಾಮಕರಣದ ಊಟ ನಾನೇ ಉಂಡಿದೀನಿ" ಅಂತ ಸೇರ್ಸಿದ್ರು. ಅವ್ರು ಪಾಕ್ಯಕ್ಕಂಗಿಂತ ಚಿಕ್ಕೋರು!

ಅರ್ಜೀಲಿ ಒಂದು, ನೆರೆಮನೆಯೋರ ಬಾಯಲ್ಲಿ ಇನ್ನೊಂದು. ತಾಳೆ ಆಗ್ತಿಲ್ಲ ಅಂತ ತಿರಸ್ಕಾರ ಮಾಡಿದ್ರು.

ವಿಷ್ಯ ಗೊತ್ತಾದಾಗ ಪಾಕ್ಯಕ್ಕ ಬೈತಾರೆ, ಮೂರು ಭಾಷೇಲೂ ಬೈತಾರೆ ಅಂತ ನಾನು ಕಾದಿದ್ದೆ. ಬೈಲಿಲ್ಲ. ಚಲುವಮ್ಮನ ಮೆಟ್ಟಿಲ ಮೇಲೆ ಹೋಗಿ ಕೂತ್ರು.

"ಸಮುದ್ರ ನೋಡಿಲ್ವಾ ಚಲುವಕ್ಕಾ ನಾನು? ದಾರಿಯುದ್ದಕ್ಕೂ ಅಪ್ಪನ ಮೈಮೇಲೆ ವಾಂತಿ ಮಾಡ್ಕೊಂಡು ಬಂದೋಳು."

"ನಿನ್ನ ಹಿಡ್ಕೊಂಡು ಹೋಗ್ತಾರೆ ಅಂದ್ಕೊಂಡೆ ಕಣೇ" ಅಂತ ಚಲುವಮ್ಮ ಸೆರಗಲ್ಲಿ ಮೂಗು ಒರೆಸ್ಕೊಂಡ್ರು.

ನಂಗೆ ಇದೇ ತಲೇಲಿ ಸುತ್ತುತ್ತೆ. ಈ ಊರೋಳು ಅಂತ ಒಂದು ಕಾಗದ ಬೇಕಂದ್ರೆ, ಈ ಊರೋಳಲ್ಲ ಅಂತ ಮೊದ್ಲು ಎಲ್ರೂ ಒಪ್ಕೋಬೇಕು. ಜೊತೇಲಿ ಉಂಡು ಬೆಳೆದೋರಿಗೆ ಅದು ಹೇಳಕ್ಕೆ ಬಾಯೇ ಬರಲ್ಲ. ಕಾನೂನಿನ ಪ್ರಶ್ನೆ ಬೇರೆ, ಚಲುವಮ್ಮ ಕೊಟ್ಟ ಉತ್ರ ಬೇರೆ. ಎರಡೂ ಸುಳ್ಳಲ್ಲ ಅನ್ಸುತ್ತೆ ನಂಗೆ.

ಈಗ ಮತ್ತೆ ಅರ್ಜಿ ಹಾಕಿದಾರೆ. ಮತ್ತೆ ಎನ್‌ಕ್ವೈರಿ ಬರುತ್ತೆ, ಅದಕ್ಕೆ ಲೈನಲ್ಲಿ ಪಾಠ ನಡೀತಿದೆ. ಹೋದ ಭಾನುವಾರ ನಾನೂ ಅಲ್ಲಿದ್ದೆ.

"ಹೇಳು ಚಲುವಕ್ಕಾ, ನಾನು ಎಲ್ಲಿಯೋಳು?"

"ಲಂಕೆಯಿಂದ ಬಂದೋಳು."

"ಆಮೇಲೆ?"

"ಆಮೇಲೇನು? ಬಂದೋಳು ಬಂದೋಳೇ, ಇನ್ನು ಕಳ್ಸಲ್ಲ ಅಂತೀನಿ!"

ಪಾಕ್ಯಕ್ಕ ಹಣೆ ಚಚ್ಕೊಂಡ್ರು. "ಅಯ್ಯೋ ಕಳ್ಸು! ಪವಳಂನ ನೋಡ್ಬೇಕು. ವಾಪಸ್ ನಿನ್ನ ಹತ್ರ ಬರಕ್ಕೇ ತಾನೇ ಈ ಅರ್ಜಿ?"

ಚಲುವಮ್ಮ ಅವ್ರ ಮುಖಾನೇ ನೋಡಿ, "ಬರಕ್ಕೇನಾ? ಹಂಗಾದ್ರೆ ಹೇಳ್ತೀನಿ ಬಿಡು" ಅಂದ್ರು. ಹೇಳ್ತಾರೆ. ಆದ್ರೆ ನಿಜವಾದ ಖಾಕಿ ಎದುರು ನಿಂತಾಗ ಬಾಯಿ ಯಾವ ಕಡೆ ಹೊರಳುತ್ತೋ, ಅದೇ ಭಯ.

ನೀವು ಸಿದ್ದಾಪುರ ಕಡೆ ಬಂದ್ರೆ ಒಂದು ಭಾನುವಾರ ಲೈನಿಗೆ ಹೋಗಿ ಬನ್ನಿ. ಪಾಕ್ಯಕ್ಕ ಟೀ ಕೊಡದೆ ಕಳ್ಸಲ್ಲ. ಅದಕ್ಕೆ ಮೊದ್ಲು ಚಲುವಮ್ಮನ ಬಾಗ್ಲಲ್ಲಿ ನಿಂತು, ಸ್ವಲ್ಪ ಗದರ್ಸೋ ದನೀಲಿ, ಪಾಕ್ಯಂ ಯಾವೂರೋರು ಅಂತ ಕೇಳ್ಬಿಡಿ. ಅವ್ರಿಗೆ ಇನ್ನೂ ಪ್ರಾಕ್ಟೀಸ್ ಸಾಲ್ದು.