ನಾನು ನೋಡದ ಏಳು ಜಾಗಗಳು

2023ರ ಬಕ್ರೀದ್ ರಜೆಯ ಹೊತ್ತಿಗೆ ನಾನು ದೋಹಾದ ಮುಶೈರಿಬ್‌ನಲ್ಲಿ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಟಿಕೆಟ್, ವೀಸಾ, ಹೋಟೆಲ್ ಬುಕಿಂಗ್ ಇವೆಲ್ಲ ನನ್ನ ಕೆಲಸ. ಹನ್ನೊಂದು ವರ್ಷದಲ್ಲಿ ಎಷ್ಟೋ ಜನರನ್ನು ಎಲ್ಲೆಲ್ಲಿಗೋ ಕಳಿಸಿದ್ದೇನೆ. ನಾನು ಮಾತ್ರ ದೋಹಾ ಬಿಟ್ಟರೆ ಮಂಗಳೂರು, ಮಂಗಳೂರು ಬಿಟ್ಟರೆ ದೋಹಾ. ನಮ್ಮ ಊರು ಶಿರ್ವದಿಂದ ಸಮುದ್ರ ದೂರವೇನಲ್ಲ. ಆದರೂ ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷ ನಮ್ಮಲ್ಲಿ ಸೈಪ್ರಸ್ ಕೇಳಿಕೊಂಡು ಬರುವವರು ಜಾಸ್ತಿ ಇದ್ದರು. ಮೆಡಿಟರೇನಿಯನ್ ಸಮುದ್ರದ ದ್ವೀಪ, ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ಒಂದು ದಿನ ನಮ್ಮ ಮ್ಯಾನೇಜರ್ ನನ್ನ ಟೇಬಲ್ ಹತ್ತಿರ ಬಂದು, "ಐರಿನ್, ವೆಬ್‌ಸೈಟಿಗೆ ಒಂದು ಪುಟ ಬೇಕು. 'ಸೈಪ್ರಸ್‌ನಲ್ಲಿ ನನ್ನ ಮೆಚ್ಚಿನ ಏಳು ಜಾಗಗಳು' ಅಂತ. ನೀನೇ ಹೋಗಿ ಬಂದ ಹಾಗೆ ಬರಿ. ಜನಕ್ಕೆ ಅದು ಹಿಡಿಸುತ್ತದೆ" ಎಂದರು.

"ಸಾರ್, ನಾನು ಹೋಗಿಲ್ಲವಲ್ಲ?"

"ಯಾರು ಹೋಗಿದ್ದಾರೆ? ಯಲ್ಲಾ, ಬೇಗ ಬರಿ, ಗುರುವಾರದೊಳಗೆ ಕೊಡು."

ಒಲ್ಲದ ಮನಸ್ಸಿನಿಂದ ಬರೆದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನನಗೆ ಬರೆಯುವುದು ಖುಷಿಯೇ ಆಯಿತು. ಬೇರೆಯವರು ಬರೆದದ್ದನ್ನು ಓದಿ ಓದಿ, ಅದರೊಳಗೆ ನನ್ನನ್ನೇ ನಿಲ್ಲಿಸಿಕೊಂಡೆ. ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ನನ್ನನ್ನು ಮನೆಯೊಳಗೆ ಕರೆದು ಸಕ್ಕರೆ ಪಾಕದಲ್ಲಿ ಅದ್ದಿದ ಅಕ್ರೋಟು ಕೊಟ್ಟಳು ಅಂತ ಬರೆದೆ. ಐದನೆಯ ಜಾಗ ಒಂದು ಸಣ್ಣ ಕೊಲ್ಲಿ. "ಚಪ್ಪಟೆ ಬಂಡೆಯ ಕೆಳಗೆ ನೀರು ಒಳ್ಳೆಯ ಆಳ, ನೀಲಿ. ಹೆದರದೆ ಹಾರಬಹುದು. ನಾನೂ ಹಾರಿದೆ" ಅಂತ ಬರೆದೆ.

ನಾವು ಆಗ ದೋಹಾದ ಅಲ್ ಗರಾಫಾ ಬಡಾವಣೆಯಲ್ಲಿ ಒಂದು ವಿಲ್ಲಾದ ಕೆಳಗಿನ ಪಾಲಿನಲ್ಲಿದ್ದೆವು. ಮೇಲಿನ ಪಾಲಿನಲ್ಲಿ ಮಲ್ಪೆ ಕಡೆಯ ದಯಾನಂದಣ್ಣ ಮತ್ತು ವಿನೋದಕ್ಕ ಇದ್ದರು. ದಯಣ್ಣ ಎ.ಸಿ. ಮೇಂಟೆನೆನ್ಸ್ ಸೂಪರ್‌ವೈಸರ್. ಮೀನು ಹಿಡಿಯುವ ಮೊಗವೀರರ ಮನೆಯ ಮಗ. ನಡೆಯಲು ಕಲಿಯುವ ಮೊದಲೇ ಈಜು ಕಲಿತವನು ನಾನು ಅಂತ ಹೇಳಿಕೊಳ್ಳುತ್ತಿದ್ದರು. ಅವರಿಬ್ಬರಿಗೆ ಮಕ್ಕಳಿಲ್ಲ. ನನ್ನ ಗಂಡ ವಾಲ್ಟರ್ ದೂರದ ಸೈಟಿನ ಶಿಫ್ಟ್ ಡ್ಯೂಟಿಗೆ ಹೋಗಿ ವಾರಗಟ್ಟಲೆ ಇಲ್ಲದಾಗ ನನಗೆ ಆ ಮನೆಯೇ ತಾಯಿಮನೆ. ವಿನೋದಕ್ಕ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದರೆ ಒಂದು ಡಬ್ಬ ಕೆಳಗೆ ಬಂದೇ ಬರುತ್ತಿತ್ತು.

ಅವರ ಮದುವೆಯಾಗಿ ಇಪ್ಪತ್ತೈದು ವರ್ಷ ಆಗುವುದಿತ್ತು. ವಿನೋದಕ್ಕನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅಂತ ದಯಣ್ಣನ ಆಸೆ. ನಮ್ಮ ಆಫೀಸಿಗೆ ಬಂದು ಆ ಪುಟದ ಪ್ರಿಂಟ್ ಹಿಡಿದುಕೊಂಡು ಪೂರ್ತಿ ಓದಿದರು. ಓದಿ ನನ್ನ ಮುಖ ನೋಡಿ ಕೇಳಿದರು: "ಎಂತ ಮಾರಾಯ್ತಿ, ನೀನು ಇಷ್ಟೆಲ್ಲ ಕಡೆ ಹೋದದ್ದು ನನಗೆ ಗೊತ್ತೇ ಇಲ್ಲವಲ್ಲ!"

ಪಕ್ಕದ ಟೇಬಲಿನಲ್ಲಿ ಇನ್ನೊಬ್ಬ ಗಿರಾಕಿ ಕೂತಿದ್ದ. ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು. ನಾನು, "ಹೌದು ದಯಣ್ಣ, ನೀವು ಗರಾಫಾಕ್ಕೆ ಬರುವ ಮೊದಲು. ಆಫೀಸಿನಿಂದ ಕಳಿಸಿದ್ದರು" ಎಂದೆ.

"ಬಂಡೆಯಿಂದ ಹಾರಿದೆಯಾ ನೀನು? ಶಹಬ್ಬಾಸ್!" ಅಂತ ನಕ್ಕರು.

ಮನೆಗೆ ಬಂದ ಮೇಲೆ ನಿಜ ಹೇಳಬಹುದಿತ್ತು. ಮೆಟ್ಟಿಲು ಹತ್ತಿದರೆ ಅವರ ಮನೆ. ವಾಲ್ಟರ್ ಕೂಡ ಫೋನಿನಲ್ಲಿ, "ಅವರ ಹತ್ತಿರ ಯಾಕೆ ಸುಳ್ಳು ಹೇಳಿದ್ದು? ನಮ್ಮವರಲ್ಲವಾ?" ಎಂದ. "ಜಾಗ ಎಲ್ಲ ನಿಜವೇ ಅಲ್ವಾ, ನಾನು ಹೋಗದಿದ್ದರೆ ಎಂತ ಆಯ್ತು?" ಅಂತ ಅವನ ಬಾಯಿ ಮುಚ್ಚಿಸಿದೆ.

ರಜೆಗೆ ಅವರು ಹೊರಟರು. ಮೊದಲ ಎರಡು ದಿನ ವಾಟ್ಸಾಪಿನಲ್ಲಿ ಫೋಟೋಗಳು ಬಂದವು. ಕಲ್ಲು ಹಾಸಿದ ಓಣಿಯಲ್ಲಿ ಲೇಸ್ ಹೆಣೆಯುವ ಹೆಂಗಸರ ನಡುವೆ ವಿನೋದಕ್ಕ ಕೂತಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ಎಷ್ಟು ಚಂದ ಕಾಣುತ್ತಿದ್ದಳು!

ಮೂರನೆಯ ದಿನ ಶುಕ್ರವಾರ, ದೋಹಾದಲ್ಲಿ ವಾರದ ರಜೆ. ನಾನು ಚರ್ಚಿನಲ್ಲಿದ್ದೆ. ಪೂಜೆ ಮುಗಿಸಿ ಹೊರಗೆ ಬಂದು ಫೋನ್ ನೋಡಿದರೆ ವಿನೋದಕ್ಕನ ಒಂಬತ್ತು ಮಿಸ್ಡ್ ಕಾಲ್. ಬಿಸಿಲಿನಲ್ಲಿ ನಿಂತೇ ವಾಪಸು ಫೋನ್ ಮಾಡಿದೆ. ಅವಳು ಅಳುತ್ತಿರಲಿಲ್ಲ. ಸೀದಾ ಹೇಳಿದಳು: "ಐರಿನ್, ನೀನು ಹೇಳಿದ ಜಾಗದಲ್ಲಿ ನೀರೇ ಇಲ್ಲ ಮಾರಾಯ್ತಿ. ಸೊಂಟದಷ್ಟೂ ಇಲ್ಲ."

ನನಗೆ ಅರ್ಥವೇ ಆಗಲಿಲ್ಲ.

"ಇವರು ತಲೆ ಕೆಳಗೆ ಮಾಡಿ ಹಾರಿದ್ರು. ನೋಡಿ ಹಾರಿ ಅಂದೆ. ಐರಿನ್ ಹಾರಿದ್ದಾಳಂತೆ, ನಾನು ಮಲ್ಪೆಯವ, ಅವಳಿಗಿಂತ ಕಡಿಮೆಯಾ ಅಂದ್ರು. ಈಗ ಕೈ ಕಾಲು ಯಾವುದೂ ಅಲ್ಲಾಡ್ತಾ ಇಲ್ಲ."

ನಾನು ಟ್ಯಾಕ್ಸಿ ಹಿಡಿದು ಸೀದಾ ಆಫೀಸಿಗೆ ಹೋದೆ. ರಜೆಯಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಕಂಪ್ಯೂಟರ್ ತೆರೆದು ಹುಡುಕಿದೆ. ಅಲ್ಲಿ ಎರಡು ಕೊಲ್ಲಿಗಳು. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಒಂದರಲ್ಲಿ ಆಳವಾದ ನೀರು, ಜನ ಬಂಡೆಯಿಂದ ಹಾರುತ್ತಾರೆ. ಇನ್ನೊಂದರಲ್ಲೂ ಅಂಥದೇ ಬಂಡೆ ಇದೆ, ಆದರೆ ಚಿಕ್ಕ ಮಕ್ಕಳು ಆಡುವಂಥ ನೀರು, ತಳದ ಮರಳು ಕಾಣುವಷ್ಟು ತಿಳಿ. ನಾನು ಈ ಎರಡನೆಯದರ ಹೆಸರು ಬರೆದು ಮೊದಲನೆಯದರ ವಿವರ ಹಾಕಿದ್ದೆ. ಒಮ್ಮೆ ಅಲ್ಲಿ ಕಾಲಿಟ್ಟವರು ಯಾರೂ ಆ ತಪ್ಪು ಮಾಡುವುದಿಲ್ಲ.

ಆ ದಿನವೇ ಮ್ಯಾನೇಜರ್‌ಗೆ ಫೋನ್ ಮಾಡಿ ಪುಟ ತೆಗೆಸಿದೆ. "ಅವನು ನೀರು ನೋಡದೆ ಹಾರಿದ್ದಲ್ಲವಾ? ಖಲಾಸ್, ಇದನ್ನು ಹೊರಗೆ ಯಾರ ಹತ್ತಿರವೂ ಮಾತಾಡಬೇಡ" ಎಂದರು ಅವರು. ನಾನು ಆ ತಿಂಗಳೇ ಕೆಲಸ ಬಿಟ್ಟೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಅಲ್ಲಿ ಆಪರೇಷನ್ ಆಗಿ, ತಿಂಗಳ ಮೇಲೆ ದಯಣ್ಣನನ್ನು ಸ್ಟ್ರೆಚರಿನಲ್ಲಿ ದೋಹಾಕ್ಕೆ ತಂದರು. ನಾನು ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಹೋಗಲಾರದೆ ನಿಂತೇ ಇದ್ದೆ. ವಿನೋದಕ್ಕನೇ ಕೈ ಹಿಡಿದು ಒಳಗೆ ಕರೆದಳು. ಕುತ್ತಿಗೆಯಿಂದ ಕೆಳಗೆ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಷ್ಟು ದೊಡ್ಡ ಗಂಟಲಿನ ಮನುಷ್ಯನ ಸ್ವರ ನೂಲಿನ ಹಾಗೆ ಆಗಿತ್ತು.

"ನಿನ್ನದು ತಪ್ಪಲ್ಲ ಐರಿನ್" ಎಂದರು. "ನೀನು ಹೋದಾಗ ನೀರು ಜಾಸ್ತಿ ಇದ್ದಿರಬೇಕು. ಸಮುದ್ರ ಅಂದ್ರೆ ಹಾಗೇ. ಮರಳು ಬಂದು ತುಂಬಿಕೊಳ್ಳುತ್ತದೆ. ನಮಗೆ ಗೊತ್ತಿಲ್ಲವಾ?"

ನಾನು ತಲೆಯಾಡಿಸಿದೆ. ಸುಳ್ಳಿಗೆ ಅವರೇ ಒಂದು ದಾರಿ ಮಾಡಿ ಕೊಟ್ಟಿದ್ದರು.

ಎರಡನೆಯ ಸಲ ಹೋದಾಗ ದಯಣ್ಣ ಹೇಳಿದರು: "ನಿನ್ನ ಏಳರಲ್ಲಿ ನಾವು ನೋಡಿದ್ದು ಎರಡೇ. ಉಳಿದದ್ದು ಹೇಗುಂಟು ಅಂತ ಹೇಳು. ಇಲ್ಲಿ ಮಲಗಿ ತಲೆ ಮೇಲಿನ ಮಾಡು ನೋಡಿ ನೋಡಿ ಸಾಕಾಯ್ತು."

ಹೇಳಿದೆ. ಎಂತ ಮಾಡಲಿ? ಸಾಯಂಕಾಲ ನಾಲ್ಕಕ್ಕೆ ಹೋಗಿ ಆರರವರೆಗೆ ಕೂರುತ್ತಿದ್ದೆ. ಹೋಗುವ ಮೊದಲು ಮನೆಯಲ್ಲಿ ಓದಿಕೊಂಡು, ವಿಡಿಯೋ ನೋಡಿಕೊಂಡು, ಪರೀಕ್ಷೆಗೆ ಹೋಗುವವರ ಹಾಗೆ ಹೋಗುತ್ತಿದ್ದೆ. ದ್ರಾಕ್ಷಿ ತೋಟದ ದಾರಿ, ನೆಲದ ಮೇಲೆ ಬಣ್ಣದ ಕಲ್ಲಿನಲ್ಲಿ ಬಿಡಿಸಿದ ಹಳೆಯ ಚಿತ್ರಗಳು, ಬಂದರಿನ ಕೋಟೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರಿಗೆ ಹೆಚ್ಚು ಮೆಚ್ಚಿಗೆಯಾದದ್ದು ಅಕ್ರೋಟು ಕೊಟ್ಟ ಆ ಮುದುಕಿ. ದಿನವೂ ಅವಳ ವಿಷಯ ಕೇಳುವರು. ಅವಳ ಗಂಡ ಎಂತ ಮಾಡುತ್ತಿದ್ದ? ಮಕ್ಕಳು ಊರಲ್ಲಿ ಇದ್ದಾರಾ, ಅಲ್ಲ ನಮ್ಮ ಹಾಗೆ ಹೊರಗೆ ಹೋಗಿದ್ದಾರಾ? ನಾನು ಅವಳಿಗೆ ಒಬ್ಬ ಮಗನನ್ನು ಕೊಟ್ಟೆ, ಒಂದು ಕುಂಟ ಕತ್ತೆಯನ್ನು ಕೊಟ್ಟೆ. ದಯಣ್ಣ ನಗುತ್ತಿದ್ದರು. ಆ ಎರಡು ಗಂಟೆ ವಿನೋದಕ್ಕ ಕೆಳಗಿನ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು, ಸ್ವಲ್ಪ ಕಣ್ಣು ಮುಚ್ಚಿ ಬರುತ್ತಿದ್ದಳು. "ನೀನು ಹೋದ ಮೇಲೆ ಇವರು ಎರಡು ತುತ್ತು ಜಾಸ್ತಿ ತಿಂತಾರೆ" ಎನ್ನುತ್ತಿದ್ದಳು.

ಹೀಗೆ ಐದು ವಾರ. ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಪಾದ್ರಿಗಳ ಹತ್ತಿರ ಪಾಪ ನಿವೇದನೆ ಮಾಡಿದೆ. "ಹೇಳಬೇಕಾದವರಿಗೆ ಹೇಳಿದ್ದೀಯಾ?" ಅಂತ ಅವರು ಕೇಳಿದರು. ಸೀದಾ ಆಸ್ಪತ್ರೆಗೆ ಹೋದೆ. ವಿನೋದಕ್ಕ ಕೆಳಗೆ ಹೋಗಿದ್ದಳು. ದಯಣ್ಣ, "ಬಾ, ಬಾ. ಇವತ್ತು ಎಲ್ಲಿಗೆ?" ಎಂದರು.

ನಿಂತುಕೊಂಡೇ ಎಲ್ಲ ಹೇಳಿದೆ. ನಾನು ಸೈಪ್ರಸ್ ನೋಡಿಯೇ ಇಲ್ಲ. ಕುಳಿತಲ್ಲೇ ಬರೆದದ್ದು. ಎರಡು ಕೊಲ್ಲಿಯ ಹೆಸರು ಅದಲು ಬದಲು ಮಾಡಿದವಳು ನಾನು. ನನಗೆ ಈಜು ಬರುವುದಿಲ್ಲ.

ಬೈದರೆ ಸಾಕು ಅಂತ ಕಾದೆ. ಅವರು ಬೈಯಲಿಲ್ಲ. ಮಾಡನ್ನೇ ನೋಡುತ್ತ ಕೇಳಿದರು: "ಹಾಗಾದ್ರೆ ಆ ಮುದುಕಿ?"

"ಇಲ್ಲ ದಯಣ್ಣ."

"ಅವಳೂ ಇಲ್ಲವಾ?"

"ಇಲ್ಲ."

ಅವರಿಗೆ ಮುಖ ಆ ಕಡೆ ತಿರುಗಿಸಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡರು. ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಲು ಕೈ ಚಾಚಿದವಳು ಮುಟ್ಟಲು ಧೈರ್ಯವಾಗದೆ ನಿಂತೆ. "ವಿನೋದನನ್ನು ಕರಿ" ಎಂದರು. ನನ್ನ ಹತ್ತಿರ ಅವರು ಆಡಿದ ಕೊನೆಯ ಮಾತು ಅದು.

ಕಾರಿಡಾರಿನಲ್ಲಿ ವಿನೋದಕ್ಕನಿಗೂ ಹೇಳಿದೆ. ಅವಳು ಕೈಯಲ್ಲಿದ್ದ ಚಹಾದ ಲೋಟವನ್ನು ಕಿಟಕಿಯ ಮೇಲೆ ಇಟ್ಟಳು.

"ನನಗೆ ಹೇಳಬಹುದಿತ್ತು" ಎಂದಳು. "ನನಗೆ ಎರಡು ಪೆಟ್ಟು ಹೊಡೆದ ಹಾಗೆ ಆಗ್ತಿತ್ತು, ತಡೆದುಕೊಳ್ತಿದ್ದೆ. ಅವರಿಗೆ ಯಾಕೆ ಹೇಳಿದೆ? ದಿನಕ್ಕೆ ಎರಡು ಗಂಟೆ ಅವರು ಈ ಹಾಸಿಗೆಯಲ್ಲಿ ಇರ್ತಿರಲಿಲ್ಲ ಐರಿನ್. ಅದನ್ನೂ ತೆಗೆದುಬಿಟ್ಟೆಯಲ್ಲ. ನಿನ್ನ ಎದೆ ಹಗುರ ಮಾಡಿಕೊಳ್ಳಲಿಕ್ಕೆ."

ಚಹಾದ ಲೋಟ ಅಲ್ಲೇ ಬಿಟ್ಟು ಅವಳು ಕೋಣೆಯೊಳಗೆ ಹೋದಳು.

ಮುಂದಿನ ತಿಂಗಳು ಅವರನ್ನು ಊರಿಗೆ ಕರೆದುಕೊಂಡು ಹೋದರು. ಮೇಲಿನ ಮನೆಯ ಸಾಮಾನು ಯಾರೋ ಸಂಬಂಧಿಕರು ಬಂದು ಕಟ್ಟಿದರು. ಕ್ರಿಸ್‌ಮಸ್ ಕಳೆದು ಸ್ವಲ್ಪ ದಿನಕ್ಕೆ, ಶ್ವಾಸಕೋಶದಲ್ಲಿ ಕಫ ಕಟ್ಟಿ ದಯಣ್ಣ ತೀರಿಕೊಂಡರು ಅಂತ ದೋಹಾದ ನಮ್ಮ ಊರವರ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು. ಅದರ ಕೆಳಗೆ ಎಲ್ಲರೂ ಕೈ ಮುಗಿದಿದ್ದರು. ನಾನೂ ಕೈ ಮುಗಿದೆ.

ಕಳೆದ ವರ್ಷ ರಜೆಯಲ್ಲಿ ಊರಿಗೆ ಬಂದಾಗ ಧೈರ್ಯ ಮಾಡಿ ಅವರ ಮನೆಗೆ ಹೋದೆ. ವಿನೋದಕ್ಕ ಬಾಗಿಲು ತೆರೆದಳು, ಕೂರಿಸಿದಳು, ನೀರು ಬೆಲ್ಲ ಕೊಟ್ಟಳು. ವಾಲ್ಟರ್ ಹೇಗಿದ್ದಾನೆ, ದೋಹಾದಲ್ಲಿ ಸೆಕೆ ಹೇಗುಂಟು ಅಂತ ಕೇಳಿದಳು. ದಯಣ್ಣನ ಹೆಸರು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗೋಡೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡ ದಯಣ್ಣನ ಫೋಟೋ ಇತ್ತು. ಸೈಪ್ರಸ್‌ನದ್ದೇ ಇರಬೇಕು.

ಅರ್ಧ ಗಂಟೆ ಬಿಟ್ಟು ಎದ್ದೆ. ನಮ್ಮ ಕಡೆ ಯಾರೂ ಹೋಗುತ್ತೇನೆ ಅಂತ ಹೇಳುವುದಿಲ್ಲ. ನಾನೂ ರೂಢಿಯಂತೆ, "ಬರ್ತೇನೆ ಅಕ್ಕ" ಎಂದೆ.

ವಿನೋದಕ್ಕ ಗೇಟಿನವರೆಗೆ ಬಂದಳು. ಚಿಲಕ ಹಾಕುತ್ತ, ಕೋಪವಿಲ್ಲದೆ, ನಿಧಾನವಾಗಿ ಹೇಳಿದಳು: "ಬೇಡ ಐರಿನ್. ಬರಬೇಡ."