ಮಾವನ ಹೋರಿ, ಕೇರಿಯ ದಾಕ್ಷಿಣ್ಯ

ಕಡಹಿನಬೈಲಿನ ನಮ್ಮ ಕೇರಿಗೆಲ್ಲ ಇದ್ದದ್ದು ಒಂದೇ ಹೋರಿ, ನಮ್ಮ ಮಾವ ಸಾಕಿದ ಕಂದು ಬಣ್ಣದ ಜರ್ಸಿ ಹೋರಿ. ಬೆದೆಗೆ ಬಂದ ಹಸುವನ್ನು ಹೊಡೆದುಕೊಂಡು ಬಂದವರಿಗೆ ಮಾವ ಕಾಫಿ ಕೊಡಿಸಿಯೇ ಕಳಿಸುತ್ತಿದ್ದರು. ಕಾಫಿ ಮಾಡುವವಳು ಸೊಸೆ ನಾನು, ಹೆಸರು ಅವರಿಗೆ. ಹುಟ್ಟಿದ ಹೆಣ್ಣುಕರುಗಳು ಚಂದ ಬೆಳೆದವು. ಬೆದೆಗೆ ಬಂದಾಗ ಅವನ್ನೂ ಇದೇ ಹೋರಿಯ ಹತ್ತಿರ ತಂದರು.

ತೊಂದರೆ ಶುರುವಾದದ್ದು ಆಗ. ಕೆಲವು ಗಬ್ಬ ನಿಂತವು. ಇನ್ನು ಕೆಲವು ನಿಂತ ಹಾಗೆ ಕಂಡು, ಎರಡು ತಿಂಗಳಿಗೆ ಮತ್ತೆ ಬೆದೆಗೆ ಬಂದವು. ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಕಡಸಿನದ್ದೂ ಅದೇ ಕತೆ.

"ಹಿಂಡಿ ಹಾಕೋದ್ರಲ್ಲಿ ನಿಂಗೆ ಕೈ ಬಿಗಿ" ಎಂದು ಮಾವ ನನ್ನನ್ನೇ ಅಂದರು. ಮೈಯೆಲ್ಲ ಉರಿದುಹೋಯಿತು. ಈ ಸಲವೂ ನಿಲ್ಲದಿದ್ದರೆ ಕಡಸನ್ನು ಮಾರುವುದೆಂದು ಮನೆಯಲ್ಲಿ ಮಾತಾಯಿತು. ಅದನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ನಾನು.

ಒಂದು ದಿನ ಪಕ್ಕದ ಮನೆಯಲ್ಲಿ ಕರು ಹುಟ್ಟಿತೆಂದು ಮಾವನೂ ನಾನೂ ನೋಡಲು ಹೋದೆವು. ಕರು ಕಪ್ಪು ಬಿಳುಪು.

"ಇದು ನಮ್ಮ ಹೋರೀದಲ್ಲವಲ್ಲ ಮಾರಾಯ್ತಿ?" ಎಂದರು ಮಾವ.

ಆ ಮನೆಯ ಸೊಸೆ ತಲೆ ತಗ್ಗಿಸಿದಳು. "ಎನ್.ಆರ್.ಪುರದ ಡಾಕ್ಟ್ರು ಬೇರೆ ಹೋರಿಯ ಬೀಜದ ಇಂಜೆಕ್ಷನ್ ಕೊಟ್ಟದ್ದು, ದೊಡ್ಡಪ್ಪ. ನಿಮ್ಮ ಹೋರಿಯ ರಕ್ತದಲ್ಲೇ ಏನೋ ದೋಷ ಇರ್ಬಹುದಂತೆ. ಅದ್ಕೂ ಏನಾಗಲ್ಲ, ಅದ್ರ ಮಗಳಿಗೂ ಏನಾಗಲ್ಲ. ಅಪ್ಪ ಮಗಳು ಸೇರಿ, ದೋಷ ಎರಡೂ ಕಡೆಯಿಂದ ಬಂದ್ರೆ ಕರು ಹೊಟ್ಟೇಲೇ ಕರಗಿ ಹೋಗ್ತದಂತೆ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಹ್ಯಾಗೆ ಹೇಳೋದು? ನಿಮ್ಗೆ ಬೇಜಾರಾಗಲ್ವಾ?"

ವಿಚಾರಿಸಿದರೆ ಅರ್ಧ ಕೇರಿಗೆ ಗೊತ್ತಿತ್ತು. ಮಾವ ಕೇಳಿದಾಗಲೆಲ್ಲ "ಈ ಸಲ ಬೆದೆಗೇ ಬಂದಿಲ್ಲ" ಎಂದು ಸುಳ್ಳು ಹೇಳಿ ನುಣುಚಿಕೊಂಡಿದ್ದರು. ಇಂಥ ದಾಕ್ಷಿಣ್ಯಕ್ಕೆ ಬೆಂಕಿ ಹಾಕ ಎನಿಸಿತು. ಮದುವೆ ಮಾತುಕತೆಯಲ್ಲಿ ಮೂರು ತಲೆಮಾರು ಕೆದಕುವ ಜನ ನಾವು. ಕೊಟ್ಟಿಗೆಯಲ್ಲಿ ಯಾರಿಗೆ ಯಾರು ಅಪ್ಪ ಎಂದು ಯೋಚಿಸಿಯೇ ಇರಲಿಲ್ಲ. ಅವತ್ತು ಮಾವ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

ಮುಂದಿನ ಸಲ ಕಡಸು ಬೆದೆಗೆ ಬಂದು ಕೂಗತೊಡಗಿದಾಗ ಮಾವನೇ ಡಾಕ್ಟರಿಗೆ ಫೋನ್ ಮಾಡಿದರು. "ನಮ್ಮ ಹೋರಿಗೆ ಸಂಬಂಧ ಇಲ್ಲದ್ದು ತನ್ನಿ" ಎಂದರು.

ಡಾಕ್ಟರು ಕೆಲಸ ಮುಗಿಸುವವರೆಗೂ ಹೋರಿ ಹಗ್ಗ ಜಗ್ಗುತ್ತ ಗುಟುರು ಹಾಕುತ್ತಲೇ ಇತ್ತು. ಮಾವ ಅದರ ಹತ್ತಿರ ಹೋಗಿ ಕೊರಳಡಿ ಜೋಲುವ ಗಂಗೆದೊಗಲು ನೀವಿದರು.

"ಸುಮ್ನಿರು ಮಾರಾಯ" ಎಂದರು, "ಅದು ನಿನ್ನ ಮಗಳು."